ಕುಂಡದ ಆಲ ಮತ್ತು ಪಾಚಿಯ ಹಾಸು



ಆಲದ ಮರವೆಂದೊಡನೆ ಈ ಭಾಗದವರಾದ ನಮಗೆ ಅಕ್ಕಲಕೋಟೆಯ ವಟವೃಕ್ಷ ಮಂದಿರ ನೆನಪಾಗುತ್ತದೆ. ಅಂತಹ ಮರವನ್ನು ಪುಟ್ಟ ಕುಂಡದಲ್ಲಿ ಬೆಳೆಸಬಹುದೆಂದರೆ ಕೆಲವರು ನಗುತ್ತಾರೆ. ಇನ್ನು ಕೆಲವರು ಅದು ಮರಕ್ಕೆ ಕೊಡುವ ಹಿಂಸೆ ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು. ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಪರಿಷ್ಕಾರಗೊಂಡ ಈ ಕಲೆಗೆ ಬೋನ್ಸಾಯ್ ಎಂದು ಹೆಸರು. ತಟ್ಟೆಯಲ್ಲಿ ನೆಟ್ಟ ಗಿಡವೆಂದು ಅದರ ಅರ್ಥ. ಜಪಾನಿನ ಯಮಾಕಿ ಮನೆತನದವರ ಒಂದು ಪೈನ್ ಮರ 1625ರಿಂದ ಹೀಗೆ ಬೆಳೆದು, 1945ರಲ್ಲಿ ಹಿರೋಶಿಮಾದ ಅಣುಬಾಂಬಿನಿಂದಲೂ ಪಾರಾಗಿ, 1976ರಲ್ಲಿ ಅಮೆರಿಕೆಗೆ ಕಾಣಿಕೆಯಾಗಿ ಹೋಯಿತು. ಹಿಂಸೆಯಿಂದ ಯಾವ ಮರವೂ ಇಷ್ಟು ಕಾಲ ಬಾಳಲಾರದು. ತಲೆಮಾರಿನಿಂದ ತಲೆಮಾರಿಗೆ ಯಾರೋ ತಪ್ಪದೆ ನೀರೆರೆದುದರಿಂದಲೇ ಅದು ಉಳಿಯಿತು.

ಹೊಸಬರು ದುಬಾರಿ ಗಿಡ ಕೊಳ್ಳಬೇಕಾಗಿಲ್ಲ. ಮಳೆಗಾಲದಲ್ಲಿ ಹಳೆಯ ಗೋಡೆಗಳ ಬಿರುಕಿನಲ್ಲಿ ಆಲ, ಅರಳಿ, ಅತ್ತಿಯ ಸಸಿಗಳು ತಾವಾಗಿ ಹುಟ್ಟುತ್ತವೆ. ಅವನ್ನು ಬೇರು ಹರಿಯದಂತೆ ತೆಗೆದು ನೆಡಿರಿ. ನಮ್ಮ ಎರೆಮಣ್ಣು ಜೋಳಕ್ಕೆ ಒಳ್ಳೆಯದು, ಕುಂಡಕ್ಕಲ್ಲ. ನೆನೆದರೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಇಟ್ಟಂಗಿ ಚೂರು, ದಪ್ಪ ಉಸುಕು, ಕಳಿತ ಗೊಬ್ಬರ ಸೇರಿಸಿ ಜರಡಿ ಹಿಡಿದ ಮಣ್ಣು ಬೇಕು. ಕುಂಡದ ತಳದಲ್ಲಿ ತೂತು ಇರಲೇಬೇಕು. ಶಿವಯೋಗಿ ಸಿದ್ಧರಾಮರು 12ನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದ ಈ ಸೊನ್ನಲಿಗೆಯಲ್ಲಿ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬೆರಳಿನಿಂದ ಮಣ್ಣನ್ನು ಮುಟ್ಟಿ ನೋಡಿಯೇ ನೀರು ಹಾಕಬೇಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕಾದೀತು; ನಡುಹಗಲಿನಲ್ಲಿ ನೆರಳೂ ಬೇಕು.

ಇನ್ನು ಪಾಚಿಯ ವಿಚಾರ. ಚಿತ್ರಗಳಲ್ಲಿ ಬೋನ್ಸಾಯ್ ಮರದ ಬುಡದಲ್ಲಿ ಹಸಿರು ಪಾಚಿಯನ್ನು ಕಂಡವರು ಮೊದಲು ಅದನ್ನೇ ಬಯಸುತ್ತಾರೆ. ಪಾಚಿಗೆ ನಿಜವಾದ ಬೇರಿಲ್ಲ. ಎಲೆಯಿಂದಲೇ ನೀರು ಹೀರುತ್ತದೆ. ಮಳೆಗಾಲದಲ್ಲಿ ಬಾವಿಯ ಮೆಟ್ಟಿಲಿನಿಂದಲೋ ಬಚ್ಚಲಿನ ಗೋಡೆಯಿಂದಲೋ ಕೆರೆದು ತಂದು ಹಚ್ಚಿದರೆ ಹತ್ತುತ್ತದೆ. ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿದರೂ ಬಹುಮಟ್ಟಿಗೆ ಸತ್ತಿರುವುದಿಲ್ಲ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಇದನ್ನರಿಯದೆ ಪಾಚಿ ಹಸಿರಾಗಿರಲೆಂದು ಮೂರು ಹೊತ್ತು ನೀರು ಸುರಿದರೆ ಮರದ ಬೇರು ಕೊಳೆಯುತ್ತದೆ. ಮೇಲೆ ಪಾಚಿ ಹಸಿರಾಗಿದೆಯೆಂದು ಸುಮ್ಮನಿದ್ದರೆ ಕೆಳಗಿನ ಮಣ್ಣು ಒಣಗಿರುವುದು ಕಾಣುವುದಿಲ್ಲ. ಆದ್ದರಿಂದ ಕಾಂಡದ ಸುತ್ತ ಒಂದು ಬೆರಳಿನಷ್ಟು ಜಾಗವನ್ನು ಬಿಟ್ಟು, ಸ್ವಲ್ಪ ಮಣ್ಣು ಕಾಣುವಂತೆ ಹಚ್ಚಬೇಕು. ಪಾಚಿ ಮರದ ಒಡವೆಯೇ ಹೊರತು ಉಸಿರಲ್ಲ.

ಕನ್ನಡದ ಉಪಾಧ್ಯಾಯರಾದ ನಮಗೆ ಈ ಕುಂಡದಲ್ಲಿ ನಮ್ಮ ಶಾಲೆಯೇ ಕಾಣುತ್ತದೆ. ಧಾರವಾಡದಲ್ಲಿ, ಕಲಬುರ್ಗಿಯಲ್ಲಿ ಕನ್ನಡವು ಹೊಲದ ಆಲದಂತೆ; ಬೇರು ಚಾಚಲು ಪೇಟೆಯಿದೆ, ಕಚೇರಿಯಿದೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಅದಕ್ಕೆ ದೊರೆತಿರುವುದು ಮನೆ ಮತ್ತು ಶಾಲೆಯೆಂಬ ಪುಟ್ಟ ಕುಂಡ. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಅದು ನಮ್ಮ ನೆರೆಯ ನುಡಿ, ಅದನ್ನೂ ಚೆನ್ನಾಗಿ ಕಲಿಯಬೇಕು. ಆದರೆ ಹೊಲದ ಮರ ನಾಲ್ಕು ದಿನ ನೀರಿಲ್ಲದೆ ತಾಳೀತು, ಕುಂಡದ ಮರ ತಾಳದು. ನವೆಂಬರ್ 1ರ ತೋರಣ, ಗ್ಯಾದರಿಂಗಿನ ನಾಟಕ, ಭಾಷಣ ಇವೆಲ್ಲ ಪಾಚಿಯ ಹಾಸು. ಅವೂ ಇರಲಿ, ಕಣ್ಣಿಗೆ ಚೆಂದ. ದಿನಕ್ಕೆ ಎರಡು ಪುಟ ಓದುವುದು, ಊರಿನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯುವುದು, ಮನೆಯಲ್ಲಿ ತಮ್ಮ ತಂಗಿಯರಿಗೆ ಅಕ್ಷರ ತಿದ್ದಿಸುವುದು ಬೇರಿಗೆ ಹಾಕುವ ನೀರು. ಅಭಿಮಾನದ ಹಸಿರನ್ನು ಕಂಡು ಹಿಗ್ಗುವ ನಾವು, ಹಿರಿಯರೂ ಸೇರಿ, ಆಗಾಗ ಬೆರಳಿಟ್ಟು ಮಣ್ಣನ್ನು ಪರೀಕ್ಷಿಸಿಕೊಳ್ಳಬೇಕು.

ಈ ಮಳೆಗಾಲದಲ್ಲಿ ಪ್ರತಿ ವರ್ಗದವರೂ ಒಂದೊಂದು ಆಲದ ಸಸಿಯನ್ನು ಕುಂಡದಲ್ಲಿ ನೆಟ್ಟು, ನೀರೆರೆಯುವ ಸರದಿಯನ್ನು ಹಚ್ಚಿಕೊಳ್ಳಲಿ ಎಂಬುದು ನಮ್ಮ ಸೂಚನೆ. ರಜೆಯಲ್ಲಿಯೂ ಆ ಸರದಿ ತಪ್ಪದಿರಲಿ.