ಬೀಟ್ ಪೊಲೀಸನ್ನು ಬೀಟ್‌ನಲ್ಲೇ ಬಿಡಿ

ಗಣೇಶನ ಹಬ್ಬದ ವಾರ ಬೆಂಗಳೂರಿನ ಯಾವುದಾದರೂ ಠಾಣೆಗೆ ಹೋಗಿ, ನಮ್ಮ ರಸ್ತೆಯ ಬೀಟ್ ಪೊಲೀಸ್ ಎಲ್ಲಿ ಅಂತ ಕೇಳಿ ನೋಡಿ. ಮೆರವಣಿಗೆ ಬಂದೋಬಸ್ತ್‌ಗೆ ಹೋಗಿದ್ದಾರೆ ಅನ್ನುತ್ತಾರೆ. ಐಪಿಎಲ್ ಪಂದ್ಯದ ಸಂಜೆ ಕೇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನಲ್ಲಿದ್ದಾರೆ. ಸೋಮವಾರ ಫ್ರೀಡಂ ಪಾರ್ಕಿನ ಧರಣಿ, ಮಂಗಳವಾರ ಕೋರ್ಟಿನಲ್ಲಿ ಸಾಕ್ಷಿ, ಬುಧವಾರ ಯಾರೋ ದೊಡ್ಡವರ ಕಾರು ಹಾದುಹೋಗುವ ರಸ್ತೆಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ಗುರುವಾರ ಸಿಕ್ಕಿದರೆ ನಿಮ್ಮ ಪುಣ್ಯ.

ನಾನು ಪೇದೆಯಾಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು. ಸರ್ವೀಸಿನ ಬಹುಪಾಲು ಕಳೆದದ್ದು ಪೇಟೆ ಕಡೆಯ ಠಾಣೆಗಳಲ್ಲಿ. ಹಾಗಾಗಿ 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಶುರು ಮಾಡಿದಾಗ ಖುಷಿಯಾಯಿತು, ಅದರ ಬೆನ್ನಿಗೇ ಗುಮಾನಿಯೂ ಹುಟ್ಟಿತು. ಬೀಟ್ ಸಿಬ್ಬಂದಿ ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು, ಅಹವಾಲು ಕೇಳಬೇಕು. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ಮೊದಲ ಸಲವೂ ಅಲ್ಲ. 2013ರಲ್ಲಿ ನಗರ ಪೊಲೀಸರು ಜನಾಗ್ರಹ ಸಂಸ್ಥೆಯ ಜೊತೆ ಸೇರಿ ಸಮುದಾಯ ಪೊಲೀಸ್ ವ್ಯವಸ್ಥೆ ತಂದರು, ‘ಏರಿಯಾ ಸುರಕ್ಷಾ ಮಿತ್ರ’ರನ್ನು ಆರಿಸಿದರು. 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಅಂತ ಬಂತು. ಠಾಣೆಯ ಪೇದೆ, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಒಂದೊಂದು ಪ್ರದೇಶ ಹಂಚಿಕೊಟ್ಟರು. ಆಮೇಲೆ ‘ಸುಬಾಹು’ ಎಂಬ ಇ-ಬೀಟ್ ಬಂತು. ಮಾಸಿಕ ಜನಸಂಪರ್ಕ ದಿವಸ ಬಂತು. 2025ರ ಅಕ್ಟೋಬರ್‌ನಲ್ಲಿ ಟೋಪಿಯೂ ಬದಲಾಯಿತು. (ಅದು ಒಳ್ಳೆಯದೇ ಆಯಿತು. ಆ ಸ್ಲೋಚ್ ಹ್ಯಾಟ್ ಹಾಕಿಕೊಂಡು ಮೆರವಣಿಗೆಯ ನೂಕುನುಗ್ಗಲಿನಲ್ಲಿ ನಿಂತವನಿಗೇ ಅದರ ಕಷ್ಟ ಗೊತ್ತು.) ಠಾಣೆಯ ಡ್ಯೂಟಿ ಚಾರ್ಟ್ ಮಾತ್ರ ಹಾಗೇ ಇದೆ.

ಈ ಡ್ಯೂಟಿ ಚಾರ್ಟ್ ಜನರ ಕಣ್ಣಿಗೆ ಬೀಳುವಂಥದ್ದಲ್ಲ. ನಾಳೆ ಯಾರು ಎಲ್ಲಿ ಅಂತ ಠಾಣೆಯ ರೈಟರ್ ಸಂಜೆ ಕೂತು ಬರೆಯುವ ಹಾಳೆ ಅದು. ಸೆಂಟ್ರಿ, ಹೊಯ್ಸಳ ಗಸ್ತು ವಾಹನ, ಕೋರ್ಟ್, ಸಮನ್ಸ್-ವಾರಂಟ್, ಪಾಸ್‌ಪೋರ್ಟ್ ವೆರಿಫಿಕೇಷನ್, ಆಸ್ಪತ್ರೆ ಕಾವಲು, ಹಗಲು ಬೀಟ್, ರಾತ್ರಿ ಬೀಟ್. ಅಷ್ಟರಲ್ಲಿ ಮೇಲಿನಿಂದ ‘ಇಷ್ಟು ಜನ ಕಳಿಸಿ’ ಅಂತ ಬರುತ್ತದೆ. ರೈಟರ್ ಯಾರ ಹೆಸರು ಹೊಡೆದುಹಾಕಬೇಕು? ಸೆಂಟ್ರಿಯನ್ನು ತೆಗೆಯುವಂತಿಲ್ಲ, ಠಾಣೆಯಲ್ಲಿ ಬಂದೂಕು ಇದೆ, ಲಾಕಪ್ ಇದೆ. ಕೋರ್ಟಿನವನನ್ನು ಮುಟ್ಟುವಂತಿಲ್ಲ, ಜಡ್ಜ್ ಕೇಳುತ್ತಾರೆ. ಹೊಯ್ಸಳ ನಿಲ್ಲಿಸುವಂತಿಲ್ಲ, 112ಕ್ಕೆ ಕರೆ ಬಂದರೆ ಎಷ್ಟು ನಿಮಿಷದಲ್ಲಿ ತಲುಪಿದರು ಅಂತ ಲೆಕ್ಕ ಕೇಳುತ್ತಾರೆ. ಬೀಟ್ ತೆಗೆದರೆ ಯಾರೂ ಕೇಳುವುದಿಲ್ಲ. ಒಂದು ಓಣಿಯಲ್ಲಿ ಒಂದು ವಾರ ಪೊಲೀಸ್ ಕಾಣಿಸಲಿಲ್ಲ ಅಂತ ಯಾರಿಗಾದರೂ ಮೆಮೊ ಕೊಟ್ಟದ್ದನ್ನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ.

ಜೊತೆಗೆ ಇನ್ನೊಂದು. ಠಾಣೆಗೆ ಹೊಸ ಇನ್‌ಸ್ಪೆಕ್ಟರ್ ಬಂದರೆ ಮೊದಲು ಬದಲಾಗುವುದು ಬೀಟ್ ಹಂಚಿಕೆ. ಪೇದೆ ಅದೇ ಠಾಣೆಯಲ್ಲಿ ವರ್ಷಗಟ್ಟಲೆ ಇದ್ದರೂ ಅವನ ರಸ್ತೆ ಮಾತ್ರ ಕೈ ಬದಲಾಗುತ್ತಲೇ ಇರುತ್ತದೆ.

ರಸ್ತೆ ಕೈ ಬದಲಾದರೆ ಏನು ಹೋಗುತ್ತದೆ? ನಗರ್ತಪೇಟೆಯಲ್ಲಿ ಬೆಳಗಿನ ಜಾವ ಚಿನ್ನದ ಕೆಲಸದ ಅಂಗಡಿಗಳ ಮುಂದೆ, ಚರಂಡಿಯ ಬಾಯಲ್ಲಿ, ಧೂಳು ಗುಡಿಸಿ ತುಂಬಿಕೊಳ್ಳುವ ಜನ ಇರುತ್ತಾರೆ. ಕುಸುರಿ ಕೆಲಸದಲ್ಲಿ ಹಾರಿದ ಚಿನ್ನದ ಕಣ ಆ ಮಣ್ಣಿನಲ್ಲಿರುತ್ತದೆ. ತೊಳೆದು, ಸೋಸಿ, ಸಿಕ್ಕಿದ್ದನ್ನು ಮಾರಿ ಬದುಕುತ್ತಾರೆ. ಬೀಟ್‌ಗೆ ಹೊಸಬನಾದ ಪೇದೆಗೆ ಅವರು ಕತ್ತಲಲ್ಲಿ ಒಡವೆ ಅಂಗಡಿಯ ಶಟರ್ ಮುಂದೆ ಕುಕ್ಕರುಗಾಲಲ್ಲಿ ಕೂತ ಅನುಮಾನದ ಗುಂಪು. ಠಾಣೆಗೆ ಎಳೆದುಕೊಂಡು ಬರುತ್ತಾನೆ. ಹಳಬನಾದರೆ ಅವರನ್ನೇ ಕೇಳುತ್ತಾನೆ, ‘ರಾತ್ರಿ ಯಾರಾದ್ರೂ ಹೊಸಬ್ರು ಓಡಾಡಿದ್ರೇನಪ್ಪಾ?’ ಆ ಹೊತ್ತಿಗೆ ಆ ಬೀದಿಯಲ್ಲಿ ಕಣ್ಣುಬಿಟ್ಟಿರುವವರು ಅವರೇ ತಾನೆ.

ಅದೇ ಬೀದಿಯ ಮಹಡಿಗಳ ಮೇಲೆ ಬಂಗಾಳದಿಂದ ಬಂದ ಅಕ್ಕಸಾಲಿ ಹುಡುಗರು ಕೆಲಸ ಮಾಡಿ ಅಲ್ಲೇ ಮಲಗುತ್ತಾರೆ. ಮಾಲೀಕ ಕೂಲಿ ಹಿಡಿದುಕೊಂಡರೂ ಅವರು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಭಾಷೆ ಬರುವುದಿಲ್ಲ, ಖಾಕಿ ಕಂಡರೆ ಹೆದರಿಕೆ, ಆಮೇಲೆ ‘ನೀನು ಎಲ್ಲಿಯವನು, ದಾಖಲೆ ತೋರಿಸು’ ಅಂತ ತಿರುಗಿ ಬೀಳುತ್ತಾರೆ ಅನ್ನುವ ಭಯ. ಟೀ ಅಂಗಡಿಯಲ್ಲಿ ದಿನಾ ಕಂಡ ಮುಖದ ಜೊತೆ ಅಂಥ ಹುಡುಗ ಮಾತಾಡಲು ಶುರು ಮಾಡಬೇಕಾದರೆ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ ಬೇಕು. ಅಷ್ಟರಲ್ಲಿ ಆ ಮುಖವೇ ಬೇರೆ ಬೀಟ್‌ಗೆ ಹೋಗಿರುತ್ತದೆ.

ಕರಗದ ರಾತ್ರಿಯನ್ನೇ ತೆಗೆದುಕೊಳ್ಳಿ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ಊರಿಗೆಲ್ಲ ಗೊತ್ತು, ಅದರ ಬಗ್ಗೆ ನಮಗೆಲ್ಲ ಹೆಮ್ಮೆಯೂ ಇದೆ. ಆ ರಾತ್ರಿ ಹೊರಗಿನಿಂದ ಬಂದ ಸಿಬ್ಬಂದಿ ಹಗ್ಗ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವರು ಬೇಕು. ಆದರೆ ಯಾವ ತಿರುವಿನ ಯಾವ ಎರಡು ಮನೆಯ ಹುಡುಗರಿಗೆ ಹೋದ ವರ್ಷದಿಂದ ಮಾತು ನಿಂತಿದೆ, ಅವರಲ್ಲಿ ಯಾರ ಮಾವನಿಗೆ ಹೇಳಿದರೆ ಹುಡುಗ ಸುಮ್ಮನೆ ಮನೆಗೆ ಹೋಗುತ್ತಾನೆ, ಇದು ಹಗ್ಗ ಹಿಡಿದವನಿಗೆ ತಿಳಿಯುವುದು ಹೇಗೆ?

ಬೀದಿಯ ಇಂಥ ಪರಿಚಯ ಏನು ಮಾಡಬಲ್ಲದು ಅಂತ ದೊಡ್ಡ ಮಟ್ಟದಲ್ಲಿ ತೋರಿಸಿದ ಊರು ಮಹಾರಾಷ್ಟ್ರದ ಭಿವಂಡಿ. 1970ರಲ್ಲಿ, ಮತ್ತೆ 1984ರಲ್ಲಿ ಕೋಮುಗಲಭೆಯಲ್ಲಿ ಹೊತ್ತಿ ಉರಿದ ಮಗ್ಗದ ಊರು ಅದು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಿಂದೂ-ಮುಸ್ಲಿಂ ಇಬ್ಬರನ್ನೂ, ಮುಖಂಡರನ್ನಲ್ಲ, ಆಯಾ ಬೀದಿಯ ಸಾಮಾನ್ಯರನ್ನು ಒಟ್ಟಿಗೆ ಕೂರಿಸಿದರು. ಸಮಿತಿಯ ಕೆಲಸವನ್ನು ಕೆಳಹಂತದ ಪೊಲೀಸರ ಕೈಗೆ ಕೊಟ್ಟರು. ನಲ್ಲಿ ನೀರಿನ ಜಗಳ, ಬಾಡಿಗೆ ತಕರಾರು, ಎಲ್ಲ ಅಲ್ಲೇ ಮಾತಾಯಿತು. 1992ರ ಡಿಸೆಂಬರ್, 1993ರ ಜನವರಿಯಲ್ಲಿ ಹತ್ತಿರದ ಮುಂಬೈ ಉರಿದಾಗ ಭಿವಂಡಿ ತಣ್ಣಗಿತ್ತು. ನಮ್ಮಲ್ಲಿ 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿನಿಂದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮೇಲೇ ಜನ ನುಗ್ಗಿದರು, ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಬೀಟ್ ಸರಿಯಿದ್ದರೆ ಆ ರಾತ್ರಿ ತಪ್ಪುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಗುಂಪು ಸೇರುವ ಮೊದಲ ಗಂಟೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ ಆ ರಾತ್ರಿ ಹುಟ್ಟುವುದಿಲ್ಲ.

ಕ್ಯಾಮೆರಾ ಇದೆಯಲ್ಲ ಅನ್ನುತ್ತಾರೆ. ಇದೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನಲ್ಲಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಜನ ಸೇರುವ ದೊಡ್ಡ ಅಂಗಡಿ, ಆಸ್ಪತ್ರೆ, ಕಲ್ಯಾಣ ಮಂಟಪಗಳೂ ಕ್ಯಾಮೆರಾ ಇಟ್ಟು 30 ದಿನದ ದೃಶ್ಯ ಉಳಿಸಿಕೊಳ್ಳಬೇಕು. ಸರಗಳ್ಳರನ್ನು ಹಿಡಿಯಲು ಇದರಷ್ಟು ಉಪಕಾರಿ ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ಸರ ಹೋದ ಮೇಲೆ.

ಇ-ಬೀಟ್ ಮಾತೂ ಅಷ್ಟೆ. ಹಿಂದೆ ದೇವಸ್ಥಾನದ ಗೋಡೆಗೋ ಯಾರದೋ ಮನೆಯ ಕಿಟಕಿಗೋ ಬೀಟ್ ಪುಸ್ತಕ ತೂಗುಹಾಕಿರುತ್ತಿದ್ದರು, ರಾತ್ರಿ ಗಸ್ತಿನವರು ಸಹಿ ಹಾಕಬೇಕು. ಇಡೀ ರಾತ್ರಿಯ ಸಹಿಯನ್ನು ಬೆಳಗಿನ ಜಾವ ಒಂದೇ ಪೆನ್ನಿನಲ್ಲಿ ಹಾಕಿ ಮುಗಿಸಿದ ಮಹನೀಯರನ್ನು ನಾನು ಬಲ್ಲೆ. ಈಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾದ್ದರಿಂದ ಆ ಆಟ ನಿಂತಿದೆ. ಬದಲಿಗೆ ಹುಡುಗರು ಬೈಕಿನಿಂದ ಇಳಿಯದೆ ಸ್ಕ್ಯಾನ್ ಮಾಡಿ ಮುಂದಿನ ಪಾಯಿಂಟಿಗೆ ಓಡುತ್ತಾರೆ. ಅವರ ತಪ್ಪಲ್ಲ, ಎಣಿಸುವುದು ಸ್ಕ್ಯಾನನ್ನೇ. ‘ಮನೆ ಮನೆಗೆ ಪೊಲೀಸ್’ ಕೂಡ ಎಷ್ಟು ಮನೆ ಮುಗಿಯಿತು ಎಂಬ ಲೆಕ್ಕಕ್ಕೆ ಇಳಿದರೆ ಗಣತಿದಾರರಿಗೂ ನಮ್ಮವರಿಗೂ ವ್ಯತ್ಯಾಸ ಉಳಿಯುವುದಿಲ್ಲ.

ನಡೆದಾಡುವ ಪೊಲೀಸಿನಿಂದ ಕಳ್ಳತನ ಕಡಿಮೆಯಾಗುತ್ತದೆಯೇ ಅಂತ ಕೇಳಿದರೆ, ಅಷ್ಟು ಸುಲಭವಾಗಿ ಹೌದು ಅನ್ನುವಂತಿಲ್ಲ. ಅಮೆರಿಕದ ನೆವಾರ್ಕ್ ನಗರದಲ್ಲಿ 1970ರ ದಶಕದ ಕೊನೆಗೆ ಕಾಲ್ನಡಿಗೆ ಗಸ್ತನ್ನು ಪರೀಕ್ಷೆಗೆ ಇಟ್ಟು ನೋಡಿದರು. ಅಪರಾಧದ ಅಂಕಿಅಂಶ ಹೆಚ್ಚುಕಡಿಮೆ ಹಾಗೇ ಇತ್ತು; ಜನರ ಭಯ ಮಾತ್ರ ಇಳಿದಿತ್ತು. ನನಗೆ ಅಷ್ಟು ಸಾಕು. ರಾತ್ರಿ ಒಂಬತ್ತಕ್ಕೆ ಗಾರ್ಮೆಂಟ್ಸ್‌ನಿಂದ ನಡೆದು ಬರುವ ಹೆಣ್ಣುಮಗಳಿಗೆ ಕ್ರೈಂ ಬ್ಯೂರೋ ವರದಿಯ ಪಟ್ಟಿ ಬೇಕಿಲ್ಲ.

ನನ್ನ ಈಗಿನ ಬೀದಿಯಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬಂಟಿ ನಿವೃತ್ತ ಶಿಕ್ಷಕಿಯೊಬ್ಬರಿಗೆ ವಿಡಿಯೊ ಕರೆ ಬಂತು. ಸಮವಸ್ತ್ರ ಹಾಕಿದವನೊಬ್ಬ ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅಂದ. ಅಂಥದ್ದೊಂದು ನಮ್ಮ ಕಾನೂನಿನಲ್ಲೇ ಇಲ್ಲ. ಆ ತಾಯಿ ಬುದ್ಧಿವಂತೆ, ಬಚ್ಚಲಿಗೆ ಹೋಗುವ ನೆಪ ಮಾಡಿ ಬೀಟ್ ಪೊಲೀಸ್ ಕೊಟ್ಟುಹೋಗಿದ್ದ ನಂಬರಿಗೆ ಇನ್ನೊಂದು ಫೋನಿನಿಂದ ಕರೆ ಮಾಡಿದರು. ‘ಅಮ್ಮಾ, ನಾನೀಗ ಆ ಬೀಟ್‌ನಲ್ಲಿಲ್ಲ, ಬಂದೋಬಸ್ತ್‌ನಲ್ಲಿದ್ದೀನಿ, ಠಾಣೆಗೆ ಮಾಡಿ’ ಅಂದನಂತೆ ಹುಡುಗ. ಠಾಣೆಯ ಫೋನ್ ಎಂಗೇಜ್. ಕೊನೆಗೆ ನಮ್ಮ ಮನೆಯ ಬಾಗಿಲು ಬಡಿದರು. ನಾನು ಹೋಗಿ ಆ ಕರೆ ಕಟ್ ಮಾಡಿಸಿ, ಸೈಬರ್ ಸಹಾಯವಾಣಿ 1930ಕ್ಕೆ ದೂರು ಹೇಳಿಸಿದೆ. ಪುಣ್ಯಕ್ಕೆ ದುಡ್ಡು ಹೋಗಿರಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಹೆಸರನ್ನು ಬೀಟ್‌ನಿಂದ ಹೊಡೆದುಹಾಕಿದ ಹಾಳೆ ಎಂಥದ್ದು ಅಂತ ನನಗೆ ಗೊತ್ತು.

ಒಬ್ಬನನ್ನೇ ವರ್ಷಗಟ್ಟಲೆ ಒಂದೇ ಬೀಟ್‌ನಲ್ಲಿ ಬಿಟ್ಟರೆ ಮಾಮೂಲಿಗೆ ಬೇರು ಬಿಡುತ್ತಾನೆ ಅನ್ನುವ ಆಕ್ಷೇಪ ಹುರುಳಿಲ್ಲದ್ದಲ್ಲ. ತಳ್ಳುಗಾಡಿಯವರ ಹತ್ತಿರ ಕೈ ಚಾಚುವವರು ನಮ್ಮಲ್ಲಿ ಇದ್ದಾರೆ. ಆದರೆ ನಾನು ಕಂಡಂತೆ, ನಾಳೆ ಈ ರಸ್ತೆ ತನ್ನದಲ್ಲ ಅಂತ ಗೊತ್ತಿರುವವನೇ ಹೆಚ್ಚು ಅವಸರದಲ್ಲಿ ಕೈ ಚಾಚುತ್ತಾನೆ. ಮುಖ ಉಳಿಸಿಕೊಳ್ಳಬೇಕಾದವನು ಸ್ವಲ್ಪ ಯೋಚಿಸುತ್ತಾನೆ. ಇದಕ್ಕೆ ಬೇರೆ ಮದ್ದೂ ಇದೆ. ಪೊಲೀಸರ ಮೇಲಿನ ದೂರು ಕೇಳಲೆಂದೇ ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರವಿದೆ. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿಲ್ಲ. ಮನೆ ಮನೆಗೆ ಹಂಚುವ ಬೀಟ್ ಪೊಲೀಸಿನ ಚೀಟಿಯ ಹಿಂಬದಿಯಲ್ಲಿ ಆ ಪ್ರಾಧಿಕಾರದ ವಿಳಾಸ ಅಚ್ಚು ಹಾಕಿಸಿ. ನನ್ನ ಇಲಾಖೆಯ ಗೆಳೆಯರು ಬೈಯುತ್ತಾರೆ, ಬೈಯಲಿ.

ಮನೆಗೆ ಹೋದವನು ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನೂ ಬರೆದು ಕೊಡಬೇಕು. ಬೀಗ ಹಾಕಿ ಊರಿಗೆ ಹೋಗುವಾಗ ತಿಳಿಸಿ ಅನ್ನುವುದು ಸರಿ. ಯಾವ ಜಾತಿ, ನಿಮ್ಮ ಮನೆಗೆ ಯಾರು ಬಂದು ಹೋಗುತ್ತಾರೆ, ಹುಡುಗಿ ರಾತ್ರಿ ಎಷ್ಟಕ್ಕೆ ಬರುತ್ತಾಳೆ ಅಂತ ಶುರುವಾದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಬೇಕು ಕೂಡ. ಮಧ್ಯಾಹ್ನದ ಹೊತ್ತು ಬಾಗಿಲು ತೆರೆಯುವವರು ಹೆಚ್ಚಾಗಿ ಹೆಂಗಸರು. ಹೋಗುವ ಜೋಡಿಯಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕು.

ನಾಗರಿಕ ಸಮಿತಿಗಳ ಬಗ್ಗೆಯೂ ನನಗೆ ಭ್ರಮೆಯಿಲ್ಲ. ಇನ್‌ಸ್ಪೆಕ್ಟರ್ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರೇ ಅವುಗಳಲ್ಲಿ ತುಂಬಿಕೊಳ್ಳುತ್ತಾರೆ. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಶುರುವಾದ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಳ್ಳೆಯ ಉದ್ದೇಶದ್ದೇ ಆಗಿತ್ತು. 2020ರಲ್ಲಿ ಸಾತಾನ್‌ಕುಳಂನಲ್ಲಿ ತಂದೆ-ಮಗ ಪೊಲೀಸ್ ವಶದಲ್ಲಿ ಪೆಟ್ಟು ತಿಂದು ಸತ್ತ ಪ್ರಕರಣದಲ್ಲಿ ಆ ಸ್ವಯಂಸೇವಕರ ಹೆಸರೂ ಕೇಳಿಬಂದು, ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಜನ ಸುದ್ದಿ ಹೇಳಲಿ, ಸಲಹೆ ಕೊಡಲಿ. ಲಾಠಿ, ಸೀಟಿ, ಗುರುತಿನ ಚೀಟಿ ಅವರ ಕೈಗೆ ಬೇಡ. ಕೇರಳ 2008ರಲ್ಲಿ 20 ಠಾಣೆಗಳಲ್ಲಿ ‘ಜನಮೈತ್ರಿ’ ಶುರು ಮಾಡಿದಾಗ ಭಾರವನ್ನು ಬೀಟ್ ಅಧಿಕಾರಿಯ ಮೇಲೇ ಹಾಕಿತು. ತನ್ನ ಪ್ರದೇಶದ ಪ್ರತಿ ಮನೆಯಲ್ಲೂ ಒಬ್ಬರಾದರೂ ಅವನಿಗೆ ಗೊತ್ತಿರಬೇಕು ಅಂತ.

ಸುಪ್ರೀಂ ಕೋರ್ಟು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಕೊಡಿ ಅಂತು. ಒಂದು ವರ್ಷಕ್ಕೆ ಇಳಿಸಿಕೊಂಡಿದ್ದ ನಮ್ಮ ರಾಜ್ಯ 2024ರಲ್ಲಿ ಕಾಯ್ದೆ ತಿದ್ದಿ ಮತ್ತೆ ಎರಡು ವರ್ಷ ಮಾಡಿತು. ಸಂತೋಷ. ಆದರೆ ಇನ್‌ಸ್ಪೆಕ್ಟರಿಗೆ ಠಾಣೆ ಹೇಗೋ ಪೇದೆಗೆ ಬೀಟ್ ಹಾಗೆ. ಅವನಿಗೂ ಒಂದು ಅವಧಿ ಬರೆದುಕೊಡಿ, ಮೂರು ವರ್ಷ. ಅವನ ಬಂದೋಬಸ್ತ್ ಅವನ ಬೀಟ್ ಒಳಗೇ ಇರಲಿ. ಹೊರಗಿನ ಬಂದೋಬಸ್ತ್‌ಗೆ ರಾಜ್ಯದ ಮೀಸಲು ಪಡೆ ಕೆಎಸ್‌ಆರ್‌ಪಿ ಇದೆ, ನಗರದ ಸಶಸ್ತ್ರ ಮೀಸಲು ಪಡೆ ಸಿಎಆರ್ ಇದೆ, ಹೋಂ ಗಾರ್ಡ್ಸ್ ಇದ್ದಾರೆ. ಜನ ಸಾಲುವುದಿಲ್ಲ ಅನ್ನುತ್ತಾರೆ, ನಿಜವೇ. ಹಾಗಿದ್ದರೆ ಎಲ್ಲ ಬೀಟ್‌ಗಳಿಗೂ ಬೇಡ, ಪ್ರತಿ ಠಾಣೆಯಲ್ಲಿ ಹೆಚ್ಚು ತಕರಾರಿನ ಎರಡೋ ಮೂರೋ ಬೀಟ್ ಆರಿಸಿ ಅಲ್ಲಿನವರನ್ನು ಮಾತ್ರ ಮುಟ್ಟದಿರಲಿ.

ಡಿಸಿಪಿಗಳು ತಿಂಗಳ ಕ್ರೈಂ ಮೀಟಿಂಗಿನಲ್ಲಿ ಎಷ್ಟು ಕೇಸು, ಎಷ್ಟು ಪತ್ತೆ, ಎಷ್ಟು ವಾರಂಟ್ ಬಾಕಿ ಅಂತ ಕೇಳುತ್ತಾರೆ. ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಲಿ: ಹೋದ ತಿಂಗಳು ಬೀಟ್‌ನಿಂದ ಎಷ್ಟು ಆಳು-ದಿನ ತೆಗೆದಿರಿ, ಯಾವ ಕಾರಣಕ್ಕೆ? ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ. ರೈಟರ್ ಹತ್ತಿರ ಆ ಹಾಳೆಗಳು ಇದ್ದೇ ಇವೆ.