ಮೊದಲು ನೀರು, ಆಮೇಲೆ ಟೈಲ್ಸ್

ಮಂಗಳೂರಿನ ಸುತ್ತ ಗುಡ್ಡದ ಇಳಿಜಾರಲ್ಲಿ ಮನೆ ಕಟ್ಟುವ ನಾವು, ಕೆಳ ಅಂತಸ್ತನ್ನು 'ಆಮೇಲೆ ನೋಡುವ' ಅಂತ ಅರ್ಧಕ್ಕೇ ಬಿಟ್ಟಿರುತ್ತೇವೆ. ಮಗನ ಮದುವೆ ಹತ್ತಿರವಾದಾಗ, ಗಲ್ಫಿನಿಂದ ನಾಲ್ಕು ಕಾಸು ಬಂದಾಗ ಅದರ ನೆನಪಾಗುತ್ತದೆ. ಕೂಡಲೇ ಟೈಲ್ಸ್, ಜಿಪ್ಸಂ ಸೀಲಿಂಗ್! ಮಣ್ಣಿಗೆ ತಾಗಿದ ಕೆಂಪುಕಲ್ಲಿನ ಗೋಡೆ ನೀರು ಹೀರುತ್ತದೆ. ಮಳೆ ಹಿಡಿದರೆ ಪೈಂಟ್ ಏಳುತ್ತದೆ. ಹಾಗಾಗಿ ಒಂದು ಮಳೆಗಾಲ ಕಾದು, ಒಸರುವ ಜಾಗಗಳನ್ನು ಗುರುತು ಮಾಡಿಕೊಳ್ಳೋಣ. ಕೈಯಲ್ಲಿರುವ ಹಣ ಮೊದಲು ಹೊರಗಿನ ಚರಂಡಿಗೆ, ಮಾಡಿನ ನೀರು ದೂರ ಸಾಗಿಸುವ ಪೈಪಿಗೆ, ತೆರೆದ ಬದಿಯ ದೊಡ್ಡ ಕಿಟಕಿಗೆ ಹೋಗಲಿ. ಒಣಗಿದ ಕೋಣೆಗೆ ಸಿಮೆಂಟ್ ನೆಲವೂ ಸಾಕು. ನೋಡಲು ಬರುವವರ ಕಣ್ಣಿಗಾಗಿ ಸಾಲ ಯಾಕೆ? ಅಲ್ಲಿ ಮಲಗುವ ಮಕ್ಕಳಿಗೆ, ಉಮ್ಮನಿಗೆ ಬೂಷ್ಟಿನಿಂದ ಕೆಮ್ಮು, ದಮ್ಮು ಹೆಚ್ಚದಿದ್ದರೆ ಅದೇ ದೊಡ್ಡ ಅಲಂಕಾರ.