ಶಾಣ್ಯಾ ಹುಡುಗ ಯಾರು?

ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಒಂದು ಮಾತು ರೂಢಿ ಆಗೇತಿ. "ನಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ, ಯಾರ ಮೊಬೈಲ್ ಕೊಟ್ಟರೂ ಲಾಕ್ ತಗೀತಾನ." ತಂದಿ ಹಿಂಗಂದ್ರ ಕಟ್ಟಿ ಮ್ಯಾಲ ಕುಂತವರು ತಲಿ ಹಾಕ್ತಾರ. ಮಂದಿ ಮನಿ ಕೀಲಿ ತಗದವನಿಗೆ ಊರಾಗ ಏನಂತ ಕರೀತೀವಿ?

ಈ ಕಳವಿಗೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಝಾರ್ಖಂಡದ ಜಾಮತಾಡಾದ ಹುಡುಗರು ಬ್ಯಾಂಕಿನ ಸಾಹೇಬರಂಗ ಮಾತಾಡಿ ಓಟಿಪಿ ಕೇಳಿದರು, ಮಂದಿ ಹೇಳಿದರು, ರೊಕ್ಕ ಹೋತು. ಬ್ಯಾಂಕಿನ ಕಂಪ್ಯೂಟರಿಗೆ ಅವರು ಕೈ ಸೈತ ಹಚ್ಚಲಿಲ್ಲ.

ಇನ್ನ ನಮ್ಮ ಕಡೆ ನೋಡ್ರಿ. ಬ್ಯಾಂಕಿನ ಫಾರಮು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಮೊಬೈಲಿಗೆ ಬರೂ ಸಂದೇಶ ಇಂಗ್ಲಿಷಿನಲ್ಲಿ. ಕನ್ನಡ ಸಾಲಿ ಕಲಿತ ಮುದುಕಿ, "ಓಟಿಪಿ ಯಾರಿಗೂ ಹೇಳಬ್ಯಾಡ್ರಿ" ಅನ್ನೂ ಎಚ್ಚರಿಕಿ ತಿಳಕೊಳ್ಳಾಕನ ಬಾಜೂ ಮನಿ ಹುಡುಗನ ಕೈಯಾಗ ಮೊಬೈಲ್ ಕೊಡಬೇಕು. ಓಟಿಪಿ ಇರೂದೂ ಅದೇ ಸಂದೇಶದಾಗ! ಪಿಎಂ ಕಿಸಾನ್ 2000 ರೂಪಾಯಿ ಜಮಾ ಆತೋ ಇಲ್ಲೋ ನೋಡಾಕೂ ಅವನೇ ಬೇಕು. ಗುಟ್ಟಿನ ನಂಬರು ಗಿರಾಕಿನೇ ಕೊಟ್ಟಿದ್ರ, ಬ್ಯಾಂಕಿಗೆ ತಿಳಿಸೂತನಕ ಆದ ನಷ್ಟ ಪೂರಾ ಗಿರಾಕಿದೇ ಅಂತ ರಿಜರ್ವ್ ಬ್ಯಾಂಕು 2017ರಲ್ಲಿ ಸುತ್ತೋಲೆ ಹೊರಡಿಸಿತು. ಓದಾಕ ಬರದ ಭಾಷೆಯಲ್ಲಿ ಬರೆದು ಕಳಿಸಿ, ಓದಿಸಿಕೊಂಡಾಕಿ ಮ್ಯಾಲ ತಪ್ಪು ಹೊರಿಸೂದು ಯಾವ ನ್ಯಾಯ? ನಾವು ಹಾಡೂ ಹರದೇಶಿ–ನಾಗೇಶಿ ವಾದದಾಗ ಸವಾಲಿಗೆ ಜವಾಬು ಕೊಡದವ ಡಪ್ಪು ಕೆಳಗ ಇಡಬೇಕು. ಬ್ಯಾಂಕಿನವರಿಗೆ ಆ ನಾಚಿಕಿನೂ ಇಲ್ಲ.

"ಮುದುಕರಿಗೆ ಜಾಗೃತಿ ಇಲ್ಲ" ಅಂತ ಮಾಸ್ತರರು ಭಾಷಣ ಮಾಡ್ತಾರ. ಗುರುಗಳ್ರಿ, ಮೊದಲು ನಿಮ್ಮ ಕೈಯಾಗ ಕಲಿತ ಹುಡುಗರಿಗೆ ಹೇಳ್ರಿ. ಕೆಲವು ಸಾವಿರಕ್ಕ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ಮು ಮಂದಿಗೆ ಬಾಡಿಗಿ ಕೊಡೂ ಹುಡುಗರು ದೇಶದ ತುಂಬ ಅದಾರ. ಕದ್ದ ರೊಕ್ಕ ಆ ಖಾತೆಗೆ ಬಂದು ಹೋಗತೈತಿ. ಕದ್ದಾಂವ ಎಲ್ಲೋ ಇರತಾನ, ಪೊಲೀಸರು ಬರೂದು ಖಾತೆದಾರನ ಮನಿಗೆ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಮೋಸ ಮಾಡಿದ್ರ ಐಟಿ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದತನಕ ಜೇಲು, ಒಂದು ಲಕ್ಷದತನಕ ದಂಡ. ಈ ಮಾತು ಯಾವ ಇಯತ್ತೆಯಲ್ಲಿ ಕಲಿಸ್ತೀರಿ?

ರೊಕ್ಕ ಹೋತಂದ್ರ ಅತ್ತುಕೋತ ಕೂಡ್ರಬಾರದು. ಅದು ಇನ್ನೊಂದು ಖಾತೆಗೆ ಜಿಗಿಯೂದರೊಳಗ 1930ಕ್ಕ ಫೋನ್ ಹಚ್ಚಿದ್ರ ತಡೆಯಾಕ ಬರತೈತಿ. ಆ ನಂಬರನ್ನ ಈ ವಾಚನಾಲಯದ ಗ್ವಾಡಿ ಮ್ಯಾಲ ಕನ್ನಡದಾಗ, ಚಾಳೀಸ ಇಲ್ಲದ ಕಣ್ಣಿಗೂ ಕಾಣೂವಂಗ ಬರೀರಿ. ಬಣ್ಣದ ಖರ್ಚು ನಾ ಕೊಡತೀನಿ.